ಪಟೇಲರ ಕಾಲಿಗೆ ಹರಳೆಣ್ಣೆ

ಊರೂರು ತಿರುಗುವ ಕೆಲಸದಲ್ಲಿ ಸೋಮಾರಿಗಳನ್ನು ಬೇಕಾದಷ್ಟು ಕಂಡಿದ್ದೇನೆ. ಸೋಮಾರಿತನಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವವರನ್ನು ಕಂಡದ್ದು ಮಾತ್ರ ಎಪ್ಪತ್ತರ ದಶಕದಲ್ಲಿ, ದೇವರಾಯಸಮುದ್ರದಲ್ಲಿ. ರೇಷ್ಮೆಹುಳು ಸಾಕುವ ಮನೆಗಳನ್ನು ನೋಡಲು ಹೋಗಿ ಅಲ್ಲಿನ ಪಟೇಲರ ಮನೆಯಲ್ಲಿ ಉಳಿದಿದ್ದೆ. ಅವರ ಮುರಿದ ಕಾಲು ಕೂಡಿ, ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾಗಿದ್ದರೂ ಮಂಚ ಬಿಟ್ಟಿರಲಿಲ್ಲ. ಮೀನಖಂಡ ನುಗ್ಗೆಕಾಯಿಯಂತಾಗಿತ್ತು. ಹೆಂಡತಿ ಹೊತ್ತುಹೊತ್ತಿಗೂ ಹರಳೆಣ್ಣೆ ಹಾಕಿ ತಿಕ್ಕುತ್ತಿದ್ದರು.

“ಮುಂದಿನ ತಿಂಗಳು ಮಗಳ ಮದುವೆ. ಧಾರೆಗೆ ನಾನು ನಿಂತ್ಕೋಬೇಕಲ್ಲ, ಅಷ್ಟರೊಳಗೆ ಇವಳು ತಿಕ್ಕಿ ತಿಕ್ಕಿ ಬಲ ಬರಿಸ್ತಾಳೆ” ಅಂದರು ಪಟೇಲರು.

“ಮಾಂಸಖಂಡಕ್ಕೆ ಕೆಲಸ ಕೊಟ್ರೇನೇ ಬಲ. ಮಲಗಿದ್ರೆ ಕರಗಿಹೋಗುತ್ತೆ. ದಿನಾ ಒಂದಿಷ್ಟು ನಡೀರಿ” ಅಂದೆ.

“ಡಾಕ್ಟ್ರೂ ಹಂಗೇ ಅಂದ್ರು. ಓಡಾಡೋಕೆ ಆಳುಗಳವ್ರೆ ಬಿಡಮ್ಮ. ಏನೇ, ಇನ್ನೊಂದ್ಚೂರು ಒತ್ತು!”

“ನಡೆದ್ರೆ ಪಟೇಲಿಕೆ ಸವೆದೋಗುತ್ತೆ ಅಕ್ಕಾ” ಎಂದು ಹೆಂಡತಿ ಗೊಣಗಿದರು.

ಮದುವೆಗೆ ನನ್ನನ್ನೂ ಕರೆದಿದ್ದರು. ಧಾರೆಯ ಹೊತ್ತಿಗೆ ಪಟೇಲರು ಎದ್ದರು, ಕಾಲು ಕುಸಿಯಿತು. ಹೆಂಡತಿ ಬಲಗೈಯಲ್ಲಿ ಧಾರೆಯ ತಂಬಿಗೆ ಹಿಡಿದೇ ಎಡತೋಳಿನಿಂದ ಗಂಡನನ್ನು ಎತ್ತಿ, ಶಾಸ್ತ್ರ ಮುಗಿಯುವವರೆಗೂ ನಿಲ್ಲಿಸಿಕೊಂಡರು.

ಊಟಕ್ಕೆ ಕೂತಾಗ ಪಟೇಲರು ಮೀಸೆ ತಿರುವಿ, “ತಿಕ್ಕಿಸಿದ್ದು ಕೆಲಸ ಮಾಡ್ತು, ನೋಡಿದ್ರಾ?” ಅಂದರು.

ಮಾಡಿತ್ತು, ಸುಳ್ಳಲ್ಲ. ಆಕೆಯ ತೋಳುಗಳಲ್ಲಿ.