ಸವೆದುಹೋದ ಹಾಡು

ದೆವ್ವ, ಪವಾಡ, ಮೈಮೇಲೆ ಬರುವುದು ಇವೆಲ್ಲ ನನಗೆ ಮೊದಲಿನಿಂದಲೂ ತಮಾಷೆಯ ವಿಷಯಗಳು. ಯಾರಾದರೂ ಇಂಥ ಕಥೆ ಶುರು ಮಾಡಿದರೆ ‘ನೀನು ಕಣ್ಣಾರೆ ಕಂಡೆಯೇನಪ್ಪ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ನನಗೆ ಕೇಳಿದರೆ ‘ಹೌದು, ಕಂಡೆ’ ಎನ್ನಬೇಕಾಗುತ್ತದೆ. ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ನಮ್ಮ ಮನೆ ದಾವಣಗೆರೆಯಲ್ಲಿ, ಕೆಲಸ ಹರಿಹರದಲ್ಲಿ. ರಜೆ ಸಿಕ್ಕರೆ ಸಾಕು, ಹಳೆಯ ಕನ್ನಡ ಸಿನಿಮಾಗಳ ವಿಡಿಯೊ ಕ್ಯಾಸೆಟ್ಟುಗಳನ್ನು ಹುಡುಕಿ ತಂದು, ಬೂಷ್ಟು ಒರೆಸಿ, ಕಂಪ್ಯೂಟರಿಗೆ ಇಳಿಸಿ ಕಾಪಾಡುತ್ತೇನೆ. ಥಿಯೇಟರಿನ ರೀಲುಗಳು ಹಾಳಾಗಿ, ಟಿವಿಯವರು ಅಲ್ಲಲ್ಲಿ ಕತ್ತರಿ ಹಾಕಿ, ಎಷ್ಟೋ ಚಿತ್ರಗಳು ಇಡಿಯಾಗಿ ಉಳಿದಿರುವುದು ಈ ಕ್ಯಾಸೆಟ್ಟುಗಳಲ್ಲಿ ಮಾತ್ರ. ಮುಚ್ಚಿಹೋದ ವಿಡಿಯೊ ಲೈಬ್ರರಿಗಳ ಮಾಲೀಕರಿಗೆ ನನ್ನನ್ನು ಕಂಡರೆ ಗುಜರಿಯವನು ಬಂದಷ್ಟೇ ಖುಷಿ. ಹೊಸದೊಂದು ಚೀಲ ಹೊತ್ತು ಮನೆಯೊಳಗೆ ಕಾಲಿಟ್ಟರೆ ನನ್ನ ಹೆಂಡತಿ, “ಇವುಕ್ಕೂ ಒಂದ್ ಹಾಸಿಗೆ ಹಾಸ್ಲೇನ್ರಿ?” ಎನ್ನುತ್ತಾಳೆ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಸಿನಿಮಾ ಎಷ್ಟು ಹೊತ್ತು ಓಡುತ್ತದೋ ಅಷ್ಟೂ ಹೊತ್ತು ಪಕ್ಕದಲ್ಲೇ ಕುಳಿತಿರಬೇಕು. ಹಾಗೆ ಕುಳಿತು ಕುಳಿತು ನಾನು ಕಲಿತದ್ದೊಂದಿದೆ. ಟೇಪು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ. ಜನ ಹಿಂದಕ್ಕೆ ಸುತ್ತಿ ಸುತ್ತಿ ನೋಡಿದ ಜಾಗವೇ ಹೆಚ್ಚು ಹಾಳಾಗಿರುತ್ತದೆ. ಯಾರಿಗೂ ಬೇಡವಾದ ಕೋರ್ಟಿನ ದೃಶ್ಯ ಫಳಫಳ ಹೊಳೆಯುತ್ತಿರುತ್ತದೆ, ಎಲ್ಲರಿಗೂ ಬೇಕಾದ ಹಾಡು ಸತ್ತುಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಹತ್ತಿರದ ಭಾನುವಳ್ಳಿಯ ಮಂಜುಳಾ ಎಂಬುವರು ನನ್ನ ಆಫೀಸಿಗೆ ಹುಡುಕಿಕೊಂಡು ಬಂದರು. ಊರಲ್ಲಿ ಬಟ್ಟೆ ಹೊಲಿಯುತ್ತಾರೆ. ಬ್ಲೌಸ್ ಪೀಸಿನಲ್ಲಿ ಸುತ್ತಿದ್ದ ಕ್ಯಾಸೆಟ್ಟೊಂದನ್ನು ಮೇಜಿನ ಮೇಲಿಟ್ಟು, “ಇದ್ರಾಗೆ ನಮ್ಮಪ್ಪ ಅದಾನ್ರಿ” ಎಂದರು.

ಅವರು ಹೇಳಿದ್ದು ಇಷ್ಟು. ಹರಿಹರದ ಹೊಳೆಯಲ್ಲಿ ಹಿಂದೊಮ್ಮೆ ಒಂದು ಹಾಡಿನ ಶೂಟಿಂಗ್ ಆಗಿತ್ತು. ಅವರಪ್ಪ ದುಡಿಯುತ್ತಿದ್ದ ಧಣಿಗಳ ಮನೆಯ ಎತ್ತಿನ ಗಾಡಿಯನ್ನು ಸಿನಿಮಾದವರು ಕರೆಸಿಕೊಂಡಿದ್ದರು. ನಾಯಕ ನಾಯಕಿ ದಂಡೆಯಲ್ಲಿ ಹಾಡುವಾಗ ಅವರ ಹಿಂದೆ ನೀರು ದಾಟಿಕೊಂಡು ಬರುವ ಗಾಡಿಯನ್ನು ಹೊಡೆದವರು ಅವರಪ್ಪ. ಮರುವರ್ಷವೇ ಕಾಮಾಲೆಯಾಗಿ ತೀರಿಕೊಂಡರು. ಮಂಜುಳಾ ಆಗ ತೊಟ್ಟಿಲ ಕೂಸು. ಮನೆಯಲ್ಲಿ ಅಪ್ಪನದೊಂದು ಫೋಟೊ ಕೂಡ ಇರಲಿಲ್ಲ. ತಾಯಿ ಗೌರಮ್ಮ ಅದೇ ಧಣಿಗಳ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದರು. ಕೆಲಸ ಮುಗಿದ ಮೇಲೆ ಆ ಮನೆಯ ಅಮ್ಮ ಕರುಣೆಯಿಂದ ಈ ಕ್ಯಾಸೆಟ್ಟು ಹಾಕಿ, ಆ ಹಾಡನ್ನಷ್ಟೇ ತೋರಿಸುತ್ತಿದ್ದರಂತೆ. ಹೀಗೆ ವರ್ಷಗಟ್ಟಲೆ ನಡೆಯಿತು. ಅವರ ವಿಸಿಆರ್ ಮಷೀನು ಕೆಟ್ಟಾಗ ಕ್ಯಾಸೆಟ್ಟನ್ನು ಗೌರಮ್ಮನಿಗೇ ಕೊಟ್ಟುಬಿಟ್ಟರು.

“ಅವಾಗ ನೀವೂ ನೋಡಿರಬೇಕಲ್ಲ?” ಎಂದೆ.

“ನಾನು ಸಣ್ಣಾಕಿ ನೋಡ್ರಿ. ಹೀರೊನ್ನೇ ನೋಡ್ತಾ ಕುಂತುಬಿಟ್ಟೆ. ಅಪ್ಪನ ಮುಖ ನೆನಪೇ ಇಲ್ಲ.”

ಕಥೆ ಕೇಳುವಾಗಲೇ ನನಗೆ ಒಳಗೊಳಗೆ ಅಳುಕು ಶುರುವಾಗಿತ್ತು. ಅದು ಹುಸಿಯಾಗಲಿಲ್ಲ. ಮನೆಯಲ್ಲಿ ಕ್ಯಾಸೆಟ್ಟು ಓಡಿಸಿದಾಗ ಉಳಿದ ಸಿನಿಮಾವೆಲ್ಲ ಚೆನ್ನಾಗಿಯೇ ಬಂತು. ಹೊಳೆಯ ಹಾಡು ಬರುತ್ತಿದ್ದಂತೆ ಚಿತ್ರ ಹರಿದು, ಪರದೆಯ ತುಂಬ ಬಿಳಿ ಚುಕ್ಕಿಗಳು ಮುತ್ತಿಕೊಂಡವು. ಹಾಡು ಮಾತ್ರ ಬಾವಿಯೊಳಗಿಂದ ಕೇಳಿದಂತೆ ಕ್ಷೀಣವಾಗಿ ಕೇಳಿಸಿತು. ಟೇಪು ಒರೆಸಿ ನೋಡಿದೆ. ಆವರಗೆರೆಯ ಗೆಳೆಯನ ಮಷೀನು ತಂದು ಹಾಕಿದೆ. ಇದೇ ಚಿತ್ರದ ಇನ್ನೊಂದು ಕ್ಯಾಸೆಟ್ಟಿಗಾಗಿ ಗೊತ್ತಿದ್ದವರನ್ನೆಲ್ಲ ಕೇಳಿದೆ. ಯಾವುದೂ ಕೈಗೂಡಲಿಲ್ಲ. ಗಂಡನನ್ನು ನೋಡಿ ನೋಡಿಯೇ ಗೌರಮ್ಮ ಆತನನ್ನು ಅಳಿಸಿಹಾಕಿದ್ದರು. ಇದನ್ನು ಅವರಿಗೆ ಹೇಗೆ ಹೇಳುವುದು?

ಫೋನಿನಲ್ಲಿ ಹೇಳಲು ಮನಸ್ಸಾಗದೆ, ಸಿನಿಮಾವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಒಂದು ಭಾನುವಾರ ಮಧ್ಯಾಹ್ನ ಭಾನುವಳ್ಳಿಗೆ ಹೋದೆ. ಗೌರಮ್ಮ ಗೋಡೆಗೆ ಒರಗಿ ಕುಳಿತು, “ಬಾರಪ್ಪಾ, ಕೂಡ್ರು” ಎಂದರು. ಆ ಹಾಡು ಹಾಳಾಗಿದೆ, ಚಿತ್ರ ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಮಂಜುಳಾ ತಲೆ ತಗ್ಗಿಸಿದರು. ಗೌರಮ್ಮ ಮಾತ್ರ, “ಹಾಕಪ್ಪಾ. ಎಷ್ಟೈತೋ ಅಷ್ಟು ನೋಡಾಣ” ಎಂದರು.

ಪೆನ್ ಡ್ರೈವನ್ನು ಅವರ ಟಿವಿಗೆ ಸಿಕ್ಕಿಸಿದೆ. ಹಾಡು ಬಂತು. ಚುಕ್ಕಿಗಳು ಬರಲಿಲ್ಲ.

ಹೊಳೆಯ ನೀರಿನ ಮೇಲೆ ಬಿಸಿಲು. ಮುಂದೆ ಕುಣಿಯುವ ಜೋಡಿ. ಅವರ ಹಿಂದೆ ಎರಡು ಬಿಳಿ ಎತ್ತು, ಗಾಡಿಯ ಮೇಲೆ ತಲೆಗೆ ಟವಲು ಸುತ್ತಿದ ತೆಳ್ಳನೆಯ ಮನುಷ್ಯ. ನೀರಿಗಿಳಿಯಲು ಹಿಂಜರಿದ ಎತ್ತಿನ ಬೆನ್ನು ತಟ್ಟಿ, ದಂಡೆಯ ಮೇಲಿದ್ದ ಯಾರನ್ನೋ ನೋಡಿ ಆತ ನಕ್ಕ. ಹಲ್ಲು ಕೂಡ ಕಾಣುವಷ್ಟು ಸ್ಪಷ್ಟವಾಗಿತ್ತು. ಮಂಜುಳಾ ಟಿವಿಯ ಹತ್ತಿರಕ್ಕೆ ಹೋಗಿ ಕುಳಿತುಬಿಟ್ಟರು. ಗೌರಮ್ಮ ಹಿಂದಿನಿಂದ, “ನೋಡೇ, ನಿನ್ನ ಮೂಗು” ಎಂದರು. ಆ ಮಗಳು ತನ್ನ ಮೂಗು ಮುಟ್ಟಿಕೊಂಡದ್ದನ್ನು ಕಂಡು ನನ್ನ ಕಣ್ಣೂ ತುಂಬಿ ಬಂತು.

ಆ ಹೊತ್ತಿನಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪೆನ್ ಡ್ರೈವನ್ನು ಅವರಿಗೇ ಬಿಟ್ಟು ಮನೆಗೆ ಬಂದು, ಕಂಪ್ಯೂಟರಿನಲ್ಲಿದ್ದ ನನ್ನ ಪ್ರತಿಯನ್ನು ಹಾಕಿದರೆ ಅವೇ ಬಿಳಿ ಚುಕ್ಕಿಗಳು. ನಮ್ಮ ಟಿವಿಯಲ್ಲೂ ಚುಕ್ಕಿಗಳೇ. ಪೆನ್ ಡ್ರೈವಿಗೆ ಬೇರೆ ಏನಾದರೂ ಹೋಗಿರಬಹುದೇ ಎಂದು ಮುಂದಿನ ಭಾನುವಾರ ಲ್ಯಾಪ್‌ಟಾಪು ಹೊತ್ತು ಮತ್ತೆ ಹೋದೆ. ಎರಡು ಫೈಲುಗಳನ್ನು ತಾಳೆ ನೋಡುವ ಪ್ರೋಗ್ರಾಮೊಂದಿದೆ, ಒಂದು ಚುಕ್ಕಿ ವ್ಯತ್ಯಾಸವಿದ್ದರೂ ಹಿಡಿದುಕೊಡುತ್ತದೆ. ಅದರ ಪ್ರಕಾರ ಪೆನ್ ಡ್ರೈವಿನದೂ ನನ್ನದೂ ಒಂದೇ ಆಗಿದ್ದವು.

ಪೆನ್ ಡ್ರೈವನ್ನು ಮತ್ತೆ ಟಿವಿಗೆ ಹಾಕಿದೆವು. ಗಾಡಿ ನೀರಿಗಿಳಿಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಕರೆದರೆಂದು ಗೌರಮ್ಮ ಎದ್ದು ಹೊರಗೆ ಹೋದರು. ಪರದೆಯ ತುಂಬ ಚುಕ್ಕಿಗಳು. ಎಲ್ಲೋ ವೈರು ಸಡಿಲವಾಗಿರಬೇಕೆಂದು ನಾನು ಗಡಬಡಿಸಿ ಎದ್ದೆ.

ಮಂಜುಳಾ ಸಮಾಧಾನವಾಗಿ, “ಕೂಡ್ರಿ ಸಾರ್. ಅವ್ವ ಕುಂತಾಗ ಮಾತ್ರ ಬರ್ತೈತೆ. ನಾನು ವಾರದಿಂದ ನೋಡ್ತಿದೀನಿ” ಎಂದರು.

ಗೌರಮ್ಮ ಒಂದು ತಟ್ಟೆ ಮಂಡಕ್ಕಿ ಹಿಡಿದು ಬಂದು ತಮ್ಮ ಜಾಗದಲ್ಲಿ ಕುಳಿತರು. ಮಂಜುಳಾ ಹಾಡನ್ನು ಮತ್ತೆ ಮೊದಲಿಂದ ಹಾಕಿದರು. ಗಾಡಿ ಬಂತು, ಎತ್ತಿನ ಬೆನ್ನು ತಟ್ಟಿ ಆತ ನಕ್ಕ. ತಾವಿಲ್ಲದಾಗ ಚಿತ್ರ ಹೋಗುತ್ತದೆ ಎಂಬುದು ಆ ತಾಯಿಗೆ ಗೊತ್ತೇ ಇರಲಿಲ್ಲ. ಮಗಳು ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಅವರನ್ನು ನಮ್ಮ ಮನೆಗೆ ಕರೆತಂದು ನಮ್ಮ ಟಿವಿಯ ಮುಂದೆ ಕೂರಿಸಿ ನೋಡಬಹುದಿತ್ತು ಎಂದು ನೀವು ಹೇಳಬಹುದು. ಆ ಯೋಚನೆ ನನಗೂ ಬಂದಿತ್ತು. ಗಂಡನನ್ನು ನೋಡುತ್ತ ಮಂಡಕ್ಕಿ ತಿನ್ನುತ್ತಿದ್ದ ಆ ಹೆಣ್ಣುಮಗಳನ್ನು ಪರೀಕ್ಷೆಗೆ ಒಡ್ಡಲು ಮನಸ್ಸು ಬರಲಿಲ್ಲ.

ಸಂಜೆ ಮಂಜುಳಾ ಬಸ್ ನಿಲ್ದಾಣದ ತನಕ ಬಂದರು. ಬಸ್ಸು ಬರುವ ದಾರಿಯನ್ನೇ ನೋಡುತ್ತ ಕೇಳಿದರು.

“ಸಾರ್, ನೀವು ತಿಳಿದೋರು. ಅವ್ವ ಹೋದ್ಮ್ಯಾಲೆ ನಮ್ಮಪ್ಪನೂ ಹೋಗ್ತಾನೇನ್ರಿ?”

ಹರಿಹರದ ಬಸ್ಸು ಬಂತು. ನಾನು ಹತ್ತಿದೆ.

ಆ ಸಿನಿಮಾದ ಪ್ರತಿಗಳು ಈಗ ನನ್ನ ಕಂಪ್ಯೂಟರಿನಲ್ಲಿವೆ, ಬೇರೆ ಹಾರ್ಡ್ ಡಿಸ್ಕುಗಳಲ್ಲಿವೆ, ಇಬ್ಬರು ಗೆಳೆಯರ ಬಳಿಯೂ ಇವೆ. ಅವುಗಳಲ್ಲಿ ಯಾವುದರಲ್ಲೂ ಆ ಮನುಷ್ಯನಿಲ್ಲ. ಕಾರಣ ಹುಡುಕುವುದನ್ನು ನಾನಿನ್ನೂ ಬಿಟ್ಟಿಲ್ಲ, ಸಿಕ್ಕಿಯೂ ಇಲ್ಲ. ಭಾನುವಾರ ಬಂದರೆ ಮಂಜುಳಾ ಅವರಿಗೆ ಫೋನ್ ಮಾಡುತ್ತೇನೆ. ಸಿನಿಮಾದ ಮಾತು ಇಬ್ಬರೂ ಎತ್ತುವುದಿಲ್ಲ. “ಅವ್ವ ಉಂಡ್ರೇನ್ರಿ?” ಎಂದು ಕೇಳುತ್ತೇನೆ. ಆ ಕಡೆಯಿಂದ “ಉಂಡ್ಳು ಸಾರ್” ಎಂಬ ಮಾತು ಕೇಳಿಸುವ ತನಕ ನನಗೆ ಜೀವದಲ್ಲಿ ಜೀವವಿರುವುದಿಲ್ಲ.