ಕೊಕ್ಕರೆ ರೆಕಾರ್ಡಿನ ಪಾಲಪ್ಪ

ನಮ್ಮ ಮಾಮ ಪಾಲಪ್ಪನಿಗೆ ಇಂಗ್ಲಿಷಿನ ನಾಲ್ಕು ಅಕ್ಷರವೂ ಬರುತ್ತಿರಲಿಲ್ಲ. ಆದರೆ ಕಂಪ್ಲಿ ಸೀಮೆಯ ಅರ್ಧ ಹೆಂಗಸರಿಗೆ ಒಂದು ಇಂಗ್ಲಿಷ್ ರೆಕಾರ್ಡಿನ ಹನ್ನೊಂದೂ ಹಾಡುಗಳನ್ನು ಗುನುಗಲು ಕಲಿಸಿದವನು ಅವನೇ. ಇದನ್ನು ಹೇಳಿದರೆ ಬೆಂಗಳೂರಿನವರು ನಗುತ್ತಾರೆ. ನಗಲಿ ಬಿಡಿ. ಅವರ ಊರಿನಲ್ಲಿ ಬಸುರಿ ಹೆಂಗಸೂ ಗಂಗಾವತಿ ಬಸ್ಸಿನ ಡ್ರೈವರೂ ಒಂದೇ ಹಾಡಿಗೆ ತಲೆದೂಗಿದ್ದನ್ನು ನಾನಂತೂ ಕಂಡಿಲ್ಲ.

ಮಾಮ ಅಂದರೆ ನನ್ನ ಅವ್ವನ ತಮ್ಮ. ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಇಷ್ಟೇ ಅವನ ಆಸ್ತಿ. ಇದಕ್ಕಿಂತ ದೊಡ್ಡ ಆಸ್ತಿ ಅವನ ಕಿವಿ. ಯಾರದಾದರೂ ಮನೆಗೆ ಹೋದರೆ ಮೊದಲು ಅಂಗಳದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುತ್ತಿದ್ದ. ಆ ಸದ್ದು ಹೇಗೆ ವಾಪಸು ಬಂತು ಎಂದು ಕೇಳಿಕೊಂಡು, ಹಾರ್ನನ್ನು ಬೇವಿನ ಮರಕ್ಕೆ ಕಟ್ಟಬೇಕೋ ಮಾಳಿಗೆಗೆ ಕಟ್ಟಬೇಕೋ ಹೇಳುತ್ತಿದ್ದ. ಬೇರೆಯವರ ಮೈಕ್ ಕುಂಯ್‌ಗುಟ್ಟಿದರೂ ಇವನಿಗೇ ಕರೆ ಬರುತ್ತಿತ್ತು. ಪಾಲಪ್ಪ ಸರಿ ಅಂದರೆ ಸರಿ. ಅದರ ಮೇಲೆ ಇನ್ನೊಂದು ಮಾತಿಲ್ಲ.

ಆ ರೆಕಾರ್ಡು ಅವನ ಕೈಗೆ ಬಂದದ್ದು ಎಪ್ಪತ್ತೆರಡರಲ್ಲಿ. ಆಗ ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಒಬ್ಬ ವಿದೇಶಿ ಹುಡುಗಿ ಇದ್ದಳಂತೆ. ಊರು ಬಿಡುವ ದಿನ ಅವಳು ತನ್ನ ಸಾಮಾನನ್ನೆಲ್ಲ ಮಂಟಪದ ಮುಂದೆ ಹರವಿಟ್ಟು, ಬೇಕಾದವರು ಒಯ್ಯಿರಿ ಎಂದು ಸನ್ನೆ ಮಾಡಿದಳು. ಕಂಬಳಿ, ಪಾತ್ರೆ, ಚಪ್ಪಲಿ ಎಲ್ಲ ಹೋದವು. ಉಳಿದದ್ದು ಊಟದ ತಟ್ಟೆಯಷ್ಟು ದೊಡ್ಡದಾದ ಈ ರೆಕಾರ್ಡು. ಪ್ಲೇಯರ್ ಇಲ್ಲದವರಿಗೆ ಅದು ಯಾತಕ್ಕೆ? ಮಾಮನಿಗೆ ಇಪ್ಪತ್ತು ವರ್ಷ, ಮೈಕ್‌ಸೆಟ್ ಹೊಸದು. ಎದೆಗೆ ಅವಚಿಕೊಂಡು ಬಂದ.

ಹಾಡಿದವರು ‘ದಿ ಗ್ರೇ ಹೆರಾನ್ಸ್’ ಎಂಬ ಅರವತ್ತರ ದಶಕದ ತಂಡದವರು. ಗಿಟಾರು, ಮೌತ್ ಆರ್ಗನ್ನು ಹಿಡಿದುಕೊಂಡು ಅವರ ಕಡೆಯ ಹಳ್ಳಿ ಹಾಡುಗಳನ್ನು ಹೊಸ ಧಾಟಿಯಲ್ಲಿ ಹಾಡಿದ ನಾಲ್ವರು. ರೆಕಾರ್ಡಿನ ಹೊದಿಕೆಯ ಮೇಲೆ ಅವರ ಫೋಟೋ ಇರಲಿಲ್ಲ. ತಂಡದ ಹೆಸರಿಗೆ ತಕ್ಕಂತೆ, ಕೆರೆಯಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತ ಒಂದು ಬೂದು ಕೊಕ್ಕರೆ, ಅಷ್ಟೇ. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಬೇಕಾದಷ್ಟು ಕೊಕ್ಕರೆ ನೋಡಿದ ಜನ ಅದನ್ನು ‘ಕೊಕ್ಕರೆ ರೆಕಾರ್ಡು’ ಅಂದರು. ಒಳಗಿನಿಂದ ಬಂದದ್ದು ನಾಲ್ಕು ಎಳೆ ದನಿಗಳು, ಒಂದರ ಬೆನ್ನಿಗೆ ಇನ್ನೊಂದು. ಹಾಗಾಗಿ ಹಾಡಿದವರು ‘ಕೊಕ್ಕರೆ ಅಕ್ಕಂದಿರು’ ಆದರು. ಹೊದಿಕೆಯ ಹಿಂಭಾಗ ಹರಿಯದಿರಲೆಂದು ಮಾಮ ಖಾಕಿ ಕಾಗದ ಅಂಟಿಸಿ, ದುಂಡಗೆ ಬರೆದಿದ್ದ: ಹೆಣ್ಣುಮಕ್ಕಳ ಕಾರ್ಯಕ್ಕೆ ಮಾತ್ರ.

ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಕುಬಸದ ಕಾರ್ಯಕ್ಕೆ ಆ ರೆಕಾರ್ಡು ಬರದಿದ್ದರೆ ನಮ್ಮಲ್ಲಿ ಹೆಂಗಸರು ಮುಖ ಗಂಟು ಹಾಕುತ್ತಿದ್ದರು. ಮೂರನೆಯ ಹಾಡಿನಲ್ಲಿ ಗಿಟಾರಿನ ತಂತಿಗಳು ಗಲಗಲ ಅನ್ನುತ್ತಿದ್ದುದರಿಂದ ಅದು ‘ಬಳೆ ಹಾಡು’ ಆಯಿತು. ಬಳೆಗಾರ ಕೈ ಹಿಡಿದ ಕೂಡಲೇ ಅದನ್ನು ಹಚ್ಚಬೇಕು. ಸಾಲು ಸಾಲಿನ ನಡುವೆ ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಮ್ಮ ಹೆಂಗಸರು ಎರಡು ಚಪ್ಪಾಳೆ ತಟ್ಟುತ್ತಿದ್ದರು. ಮಾತು ಯಾರಿಗೂ ತಿಳಿಯದು. ಆದರೆ ಎಲ್ಲಿ ದನಿ ಏರುತ್ತದೆ, ಎಲ್ಲಿ ಎರಡನೆಯ ಅಕ್ಕ ಬಂದು ಸೇರುತ್ತಾಳೆ ಎಂಬುದು ಎಲ್ಲರಿಗೂ ಬಾಯಿಪಾಠ. ಸಂಗೀತ ಕಲಿತವರಿಗೂ ಅಷ್ಟು ಸೂಕ್ಷ್ಮ ಇರುತ್ತದೋ ಇಲ್ಲವೋ, ನನಗೆ ಅನುಮಾನ.

ನಾನು ಸಂಡೂರಿಗೆ ಸೊಸೆಯಾಗಿ ಹೋದೆ. ಗಣಿಯ ಭರಾಟೆಯ ಕಾಲ. ಗಂಡ ಸಿದ್ದಲಿಂಗೇಶ್‌ನ ಎರಡು ಟಿಪ್ಪರುಗಳು ಅದಿರು ಹೊರುತ್ತಿದ್ದವು. ಒಣಹಾಕಿದ ಸೀರೆಯಿಂದ ಹಿಡಿದು ಅನ್ನದ ತಪ್ಪಲೆಯ ಮುಚ್ಚಳದವರೆಗೆ ಎಲ್ಲದರ ಮೇಲೂ ಕೆಂಪು ಧೂಳು. ಊರಿನ ಕಾರ್ಯಗಳೆಲ್ಲ ದೊಡ್ಡದಾಗಿದ್ದವು. ತೊಟ್ಟಿಲ ಕಾರ್ಯಕ್ಕೂ ಬಳ್ಳಾರಿಯಿಂದ ಡಿಜೆ ತರಿಸಿ, ಎದೆ ನಡುಗಿಸುವ ಪೆಟ್ಟಿಗೆಗಳನ್ನು ಬೀದಿಯುದ್ದಕ್ಕೂ ನಿಲ್ಲಿಸುತ್ತಿದ್ದರು. ಎರಡು ಸಾವಿರದ ಆರರ ಜನವರಿಯಲ್ಲಿ ನನ್ನ ಕುಬಸದ ದಿನ ಗೊತ್ತಾದಾಗ ಗಂಡನೂ ಡಿಜೆ ಅಂದ.

"ಡಿಜೆ ಬ್ಯಾಡ. ನಮ್ಮ ಮಾಮನ್ನ ಕರಸ್ರಿ. ಅವನಂಥ ಸೌಂಡು ಈ ಜಿಲ್ಲೆದಾಗ ಯಾರೂ ಕೊಡಂಗಿಲ್ಲ," ಅಂದೆ.

"ಆ ಹಾರ್ನಿನ ಮೈಕ್‌ಸೆಟ್ಟಾ? ಮಂದಿ ನಗ್ತಾರ," ಅಂದ.

ಅತ್ತೆ ಪಂಪಮ್ಮ ಕಡಿಮೆ ಮಾತಿನ, ಗಟ್ಟಿ ಹೆಂಗಸು. "ಆತು, ಕರಸು. ಅಂಥಾದ್ದೇನೈತಿ ನಾನೂ ನೋಡ್ತೀನಿ," ಅಂದರು. ಅಲ್ಲಿಗೆ ಮಾಮನ ಮರ್ಯಾದೆ, ನನ್ನ ಮಾತಿನ ಮರ್ಯಾದೆ ಎರಡೂ ಆ ರೆಕಾರ್ಡಿನ ಮೇಲೆ ಕುಂತವು.

ಸುದ್ದಿ ಕೇಳಿ ಮಾಮನಿಗೆ ಹುರುಪು ಬಂತು. ಸಂಡೂರಿನವರಿಗೆ ತೋರಿಸಿಯೇ ಬಿಡಬೇಕೆಂದು ಕೊಕ್ಕರೆಯ ಚಿತ್ರದ ದೊಡ್ಡ ಫ್ಲೆಕ್ಸ್ ಮಾಡಿಸಲು ಹೊರಟ. ಹೊದಿಕೆಯನ್ನು ಸ್ಕ್ಯಾನ್ ಮಾಡಿಸಲು ಹಂಪಿ ಬಜಾರಿನಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ತಿರುಮಲನ ಬಳಿಗೆ ಹೋದ. ಅಲ್ಲಿ ನಡೆದದ್ದನ್ನು ಆಮೇಲೆ ನನಗೆ ಬಿಡಿಸಿ ಹೇಳಿದವನು ತಿರುಮಲ.

ಅಂಗಡಿಯಲ್ಲಿ ಆಲನ್ ಎಂಬ ಅರವತ್ತು ದಾಟಿದ ಸ್ಕಾಟ್ಲೆಂಡಿನ ಮೇಷ್ಟ್ರು ಕುಳಿತಿದ್ದರು. ಹೊದಿಕೆ ಕಂಡದ್ದೇ ಕುರ್ಚಿ ಬಿಟ್ಟು ಎದ್ದರಂತೆ. ಪ್ರಾಯದಲ್ಲಿ ಆ ತಂಡದ ಹಾಡು ಕೇಳಲು ಏಳು ಊರು ಅಲೆದವರು ಅವರು. ಮಾಮನಿಗೆ ಮೂವತ್ತನಾಲ್ಕು ವರ್ಷಕ್ಕೆ ಸಿಕ್ಕ ಮೊದಲ ಜೊತೆಗಾರ. ಮಾಮ ಅವರ ಕೈ ಹಿಡಿದುಕೊಂಡು ತಿರುಮಲನಿಗೆ ಅಂದ:

"ಆ ಅಕ್ಕಂದಿರು ಈಗ ಹೆಂಗದಾರ, ಕೇಳು."

ಯಾವ ಅಕ್ಕಂದಿರು ಎಂದು ಆಲನ್‌ಗೆ ತಿಳಿಯಲಿಲ್ಲ. ತಮ್ಮ ಪುಟ್ಟ ಪ್ಲೇಯರಿನ ಇಯರ್‌ಫೋನನ್ನು ಮಾಮನ ಕಿವಿಗಿಟ್ಟರು. ಮಾಮ ಕಣ್ಣು ಮುಚ್ಚಿ ಕೇಳಿದ.

"ಹಾಡು ಅದ ಐತಿ. ಹಾಡೋರು ಬ್ಯಾರೆ," ಅಂದ.

ಆಲನ್ ಕಂಪ್ಯೂಟರಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದರು. ನಾಲ್ವರು ಗಡ್ಡದ ಗಂಡಸರು. ರೆಕಾರ್ಡನ್ನು ಹೊರತೆಗೆದು ನಡುವಿನ ಚೀಟಿಯ ಮೇಲಿದ್ದ ಮೂವತ್ತಮೂರು ಎಂಬ ಅಂಕಿಯ ಮೇಲೆ ಬೆರಳಿಟ್ಟರು. ಅದು ತಟ್ಟೆ ತಿರುಗಬೇಕಾದ ವೇಗ. ಆ ಅಂಕಿಯನ್ನು ಬಿಎ ಓದಿದ ನಾನೇ ಹತ್ತು ಸಲ ನೋಡಿದ್ದೆ. ಯಾವುದೋ ನಂಬರು ಅಂದುಕೊಂಡಿದ್ದೆ. ಮಾಮನ ಬಳಿ ಇದ್ದ ಸಿನಿಮಾ ಹಾಡಿನ ಸಣ್ಣ ತಟ್ಟೆಗಳೆಲ್ಲ ನಲವತ್ತೈದರಲ್ಲಿ ತಿರುಗುವಂಥವು. ಎತ್ತಿನ ಗಾಡಿಯ ಕುಲುಕಾಟಕ್ಕೆ ಪ್ಲೇಯರಿನ ವೇಗದ ಕಡ್ಡಿ ಜಾರುತ್ತದೆಂದು ಅವನು ಕಸುಬಿನ ಮೊದಲ ವರ್ಷವೇ ಅದನ್ನು ನಲವತ್ತೈದಕ್ಕೆ ತಂತಿ ಸುತ್ತಿ ಬಿಗಿದಿದ್ದ. ಆ ತಂತಿ ಬಿಚ್ಚಿದ್ದೇ ಇಲ್ಲ. ಗಂಡಸರ ದನಿ ಓಡಿ ಓಡಿ ಹೆಂಗಸರ ದನಿಯಾಗಿತ್ತು.

ಮಾಮ ಫ್ಲೆಕ್ಸಿನ ಮಾತು ಬಿಟ್ಟು, ರೆಕಾರ್ಡು ಅವಚಿಕೊಂಡು ಕಂಪ್ಲಿಗೆ ವಾಪಸು ಹೋದ. ಮರುದಿನ ಬೆಳಿಗ್ಗೆ ತಂತಿ ಕತ್ತರಿಸಿ, ಮೂವತ್ತಮೂರಕ್ಕೆ ಇಟ್ಟು, ಹನ್ನೊಂದೂ ಹಾಡು ಕೇಳಿದ. ಮತ್ತೊಂದು ಸಲ ಕೇಳಿದ. ಆಮೇಲೆ ಬಸ್ಸು ಹತ್ತಿ ಸಂಡೂರಿಗೆ ಬಂದ. ಕುಬಸಕ್ಕೆ ಇನ್ನೊಂದೇ ದಿನ ಉಳಿದಿತ್ತು.

ಹಿತ್ತಲಲ್ಲಿ ಕುಳಿತು ಎಲ್ಲ ಹೇಳಿದ. ನನಗೆ ಮೊದಲು ನಗು ಬಂತು. ಅವನ ಮುಖ ನೋಡಿ ನಿಂತಿತು. ಆಮೇಲೆ ಹೆದರಿಕೆಯಾಯಿತು.

"ಮಾಮ, ಯಾರಿಗೂ ಹೇಳಬ್ಯಾಡ. ಯಾವಾಗ್ಲೂ ಹಚ್ಚಿದಂಗ ಹಚ್ಚು. ಇಲ್ಲಿ ಯಾರಿಗೆ ಗೊತ್ತಾಗ್ತೈತಿ?"

"ನನಗ ಗೊತ್ತಾಗೇತಲ್ಲವ್ವ, ಸುನೀ."

"ನಮ್ಮತ್ತಿ ಮುಂದ ನಿನ್ನನ್ನ ಹೊಗಳೀನಿ. ನಾಳೆ ನೀನ ಎದ್ದು ನಿಂತು ತಪ್ಪು ಅಂದ್ರ, ಇವರು ಜೀವನಪೂರ್ತಿ ಆಡಿಕೊಳ್ತಾರ."

"ನೀ ಕೇಳಿಲ್ಲ ಅದನ್ನ. ಎಷ್ಟು ನಿಧಾನ ಹಾಡ್ಯಾರ ಗೊತ್ತೇನು? ಒಂದೊಂದು ಸಾಲು ಎದಿಯಾಗ ಇಳೀತೈತಿ. ಅಂಥಾ ಹಾಡನ್ನ ನಾನು ಓಡಿಸಿ ಓಡಿಸಿ ಕೇಳ್ಸೀನಿ. ಊರೆಲ್ಲ ನನ್ನ ಕಿವಿ ನಂಬೇತಿ. ಅವರ ಹೆಸರಿನ ಮ್ಯಾಲೆ ಅನ್ನ ಉಂಡು, ಈಗ ತಿಳದೂ ಮುಚ್ಚಿಟ್ರ ನಾನೆಂಥಾ ಮನಷ್ಯಾ?"

ನಾನು ಸಿಟ್ಟಿನಿಂದ ಎದ್ದು ಹೋದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆ ದಿನ ನನಗೆ ಅವನಿಗಿಂತ ನನ್ನ ಮಾನವೇ ದೊಡ್ಡದಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕುಬಸದ ದಿನ ಅಂಗಳದ ತುಂಬ ಹೆಂಗಸರು. ಕಂಪ್ಲಿಯಿಂದ ಒಂದು ಟೆಂಪೋ ತುಂಬ ಬಂದಿದ್ದರು. ಅವರಲ್ಲಿ ಎಲ್ಲರಿಗೂ ಹಿರಿಯಳು ದ್ಯಾಮಕ್ಕ. ಎಪ್ಪತ್ತು ದಾಟಿದ ಅವಳು ಹಾಡದ ಕುಬಸ ಕಂಪ್ಲಿಯಲ್ಲಿಲ್ಲ. ತಿರುಮಲ ಆಲನ್‌ರನ್ನೂ ಕರೆತಂದಿದ್ದ. ಅವರು ಪ್ಲೇಯರಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಮಾಮ ಪ್ಲೇಯರಿನ ಮೇಲೆ ಧೂಳು ಕೂರದಂತೆ ಒದ್ದೆ ಬಟ್ಟೆಯ ಪರದೆ ಕಟ್ಟಿ, ಅಂಗಳದ ನಡುವೆ ಚಪ್ಪಾಳೆ ತಟ್ಟಿ, ಹಾರ್ನನ್ನು ಮಾಳಿಗೆಯ ಮೂಲೆಗೆ ತಿರುಗಿಸಿ ಕಟ್ಟಿದ್ದ. ನಾನು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತೆ. ಬಳೆಗಾರ ಕೈ ಹಿಡಿದ. "ಪಾಲಣ್ಣ, ಬಳಿ ಹಾಡು ಹಚ್ರಿ," ಎಂದು ಯಾರೋ ಕೂಗಿದರು.

ಮಾಮ ಮೈಕು ಕೈಗೆತ್ತಿಕೊಂಡ.

"ತಾಯಂದಿರ, ಒಂದು ಮಾತು ಹೇಳೋದೈತಿ. ಈ ರೆಕಾರ್ಡನ್ನ ನಾನು ಮೂವತ್ನಾಕು ವರ್ಷದಿಂದ ತಪ್ಪು ಹಚ್ಚೀನಿ. ಇದು ನಿಧಾನ ತಿರಗೋ ತಟ್ಟಿ. ನಾನು ಜೋರು ತಿರಗಿಸೀನಿ. ಹಾಡಿದೋರು ಅಕ್ಕಂದಿರಲ್ಲ, ನಾಲ್ಕು ಮಂದಿ ಗಂಡಸರು. ತಪ್ಪು ಯಂತ್ರದ್ದಲ್ಲ, ಕರೆಂಟಿಂದಲ್ಲ. ನಂದು. ಈಗ ಅವರು ಹಾಡಿದಂಗ ಕೇಳಸ್ತೀನಿ."

ನನ್ನ ಗಂಡ ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡ. ಅತ್ತೆಯ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ತಲೆ ತಗ್ಗಿಸಿದೆ.

ಹಾಡು ಶುರುವಾಯಿತು. ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಹಾಡು, ಆದರೆ ನೆಲಕ್ಕೆ ಇಳಿದು ನಡೆಯುತ್ತಿತ್ತು. ದೊಡ್ಡ ದನಿಯೊಂದು ತನಗೆ ಮಾತ್ರ ಹೇಳಿಕೊಳ್ಳುವಂತೆ ಒಂದು ಸಾಲು ಹಾಡಿತು. ಎರಡನೆಯದು ಬಂದು ಅದರ ಹೆಗಲಿಗೆ ಹೆಗಲು ಕೊಟ್ಟಿತು. ಈ ಹಾಡಿನಲ್ಲಿ ಮೂರನೆಯದೂ ಇತ್ತು ಎಂಬುದೇ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚಪ್ಪಾಳೆಯ ಜಾಗ ಬಂದಾಗ ಎತ್ತಿದ ಕೈಗಳು ಅಲ್ಲೇ ನಿಂತವು. ಆ ಜಾಗದಲ್ಲಿ ಅವರು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಅಂಗಳದಲ್ಲಿ ಅಷ್ಟು ಹೆಂಗಸರಿದ್ದೂ ಒಂದು ಬಳೆಯ ಸದ್ದಿಲ್ಲ. ತಲೆ ಎತ್ತಿ ನೋಡಿದರೆ ಆಲನ್ ಕಣ್ಣೊರೆಸಿಕೊಳ್ಳುತ್ತಿದ್ದರು. ಡಿಜೆ ಬೇಕೆಂದಿದ್ದ ನನ್ನ ಗಂಡ ಬಾಗಿಲ ಚೌಕಟ್ಟಿಗೆ ಒರಗಿ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ.

ಹಾಡು ಮುಗಿಯಿತು. ಮಾಮ ಶಿಕ್ಷೆಗೆ ನಿಂತವನಂತೆ ನಿಂತಿದ್ದ. ಮೊದಲು ಬಾಯಿಬಿಟ್ಟವಳು ದ್ಯಾಮಕ್ಕ.

"ಏ ಪಾಲಪ್ಪ, ಗಂಡಸರು ಭಾಳ ಚಂದ ಹಾಡ್ಯಾರ. ಇನ್ನೊಮ್ಮೆ ಕೇಳ್ತೀವಿ, ಕಾರ್ಯ ಮುಗೀಲಿ. ಈಗ ಹುಡುಗಿಗಿ ಬಳಿ ಏರಿಸ್ಬೇಕು. ನಮ್ಮ ಅಕ್ಕಂದಿರನ್ನ ಕರಿ."

"ಅದು ತಪ್ಪು ಹಾಡು, ದ್ಯಾಮಕ್ಕ."

"ನನ್ನ ಮೂರು ಹೆಣ್ಮಕ್ಕಳ ಕುಬಸಕ್ಕ ಅದನ್ನ ಹಚ್ಚೀದಿ. ಮೂರೂ ಮಂದಿ ಸುಖವಾಗಿ ಹಡದಾರ. ಅದನ್ನ ನಾನು ತಪ್ಪು ಅನ್ನಂಗಿಲ್ಲ. ಹಚ್ಚು."

ಮಾಮ ಆಲನ್ ಕಡೆಗೆ ನೋಡಿದ. ತಿರುಮಲ ಅವರ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಆಲನ್ ತಾವೇ ಬಗ್ಗಿ ವೇಗದ ಕಡ್ಡಿಯನ್ನು ನಲವತ್ತೈದಕ್ಕೆ ತಳ್ಳಿದರು. ಮುಂದಿನದನ್ನು ಏನು ಹೇಳಲಿ! ಕಂಪ್ಲಿಯ ಹೆಂಗಸರು ಹಾಡಿದ್ದು, ಚಪ್ಪಾಳೆ ತಟ್ಟಿದ್ದು, ಅದನ್ನು ನೋಡಿ ಸಂಡೂರಿನವರೂ ಎರಡನೆಯ ಸಾಲಿಗೆ ತಟ್ಟಲು ಕಲಿತದ್ದು. ನನ್ನ ಎರಡೂ ಕೈಗೆ ಹಸಿರು ಬಳೆ ಏರಿದವು. ನಾನು ಅಳುತ್ತಿದ್ದೆ. ಇಂಥ ಮನುಷ್ಯನ ಅಕ್ಕನ ಮಗಳು ನಾನು ಎಂದು ಹೆಮ್ಮೆಯಿಂದಲೇ ಅಳುತ್ತಿದ್ದೆ.

ಊಟ ಆದ ಮೇಲೆ ತವರಿನ ಕಡೆಯ ಗಂಡಸರಿಗೆ ಹೊಸ ಟವೆಲ್ಲು ಹೊದಿಸಿ ಕಳಿಸುವುದು ಪದ್ಧತಿ. ಅತ್ತೆ ಒಳಗೆ ಹೋಗಿ ಐದು ಟವೆಲ್ಲು ತಂದರು. ಒಂದನ್ನು ಮಾಮನ ಹೆಗಲಿಗೆ ತಾವೇ ಹಾಕಿದರು.

"ಮನ್ಯಾಗ ತಪ್ಪು ಮಾಡಿದೋರನ್ನ ಭಾಳ ಮಂದಿ ನೋಡೀನಿ, ಅಣ್ಣ. ಮೈಕಿನಾಗ ಒಪ್ಪಿಕೊಂಡೋರನ್ನ ಇವತ್ತ ನೋಡಿದ್ದು," ಅಂದರು. ಉಳಿದ ನಾಲ್ಕನ್ನು ಆಲನ್ ಕೈಯಲ್ಲಿಟ್ಟು ತಿರುಮಲನ ಕಡೆ ತಿರುಗಿದರು. "ಇವನ್ನ ಆ ನಾಲ್ಕು ಮಂದಿಗೆ ಮುಟ್ಟಸಾಕ ಹೇಳಪ್ಪ. ಇಷ್ಟು ವರ್ಷ ನಮ್ಮ ಹೆಣ್ಮಕ್ಕಳ ಕಾರ್ಯಕ್ಕ ಬಂದಾರ. ಬರಿಗೈಲೆ ಹೆಂಗ ಕಳಸೋದು?"

ಆಲನ್ ಟವೆಲ್ಲುಗಳನ್ನು ನೋಡುತ್ತಾ ಮೆಲ್ಲಗೆ ಏನೋ ಅಂದರು. ನಾಲ್ವರಲ್ಲಿ ಈಗ ಇಬ್ಬರೇ ಉಳಿದಿದ್ದಾರಂತೆ ಎಂದು ತಿರುಮಲ ಹೇಳಿದ.

ಅತ್ತೆ ಎರಡನ್ನು ವಾಪಸು ತೆಗೆದುಕೊಳ್ಳಲಿಲ್ಲ.

"ಅವರ ಮಕ್ಕಳು ಇರ್ತಾರಲ್ಲ," ಅಂದರು. "ಅವರ ಹೆಗಲಿಗೆ ಹಾಕ್ರಿ."