ಹೊಸ ಪಂಪಿನ ಬಾಣದ ಗುರುತು

ಹೋದ ತಿಂಗಳು ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬರು ನನ್ನ ಮುಂದಿನ ಸೀಟಿನ ಕಂಬಿ ಹಿಡಿದು ನಿಂತಿದ್ದರು. ಅವರ ಕೈಯಿಂದ ಪೆಟ್ರೋಲಿನ ವಾಸನೆ, ಅದರ ಮೇಲೆ ತೆಂಗಿನೆಣ್ಣೆಯ ವಾಸನೆ. ಗ್ರೀಸು ಹೋಗಲೆಂದು ಮೊದಲು ಪೆಟ್ರೋಲಿನಲ್ಲಿ, ಚರ್ಮ ಒಡೆಯದಿರಲೆಂದು ಆಮೇಲೆ ಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ತಲೆಯೆತ್ತಿ ಮುಖ ನೋಡಿದೆ. ಅವರಾಗಿರಲು ಸಾಧ್ಯವಿರಲಿಲ್ಲ...

ಹಾಗೆ ಕೈ ಉಜ್ಜಿಕೊಳ್ಳುತ್ತಿದ್ದವರದು ಬೆಳಂಬಾರದಲ್ಲಿ ನಮ್ಮ ಪಕ್ಕದ ಮನೆ. ಬೋಟುಗಳ ಇಂಜಿನ್ ಬಿಚ್ಚಿ ಜೋಡಿಸುವುದು ಅವರ ಕೆಲಸವಾದ್ದರಿಂದ ಊರಿನ ಮಕ್ಕಳಿಗೆಲ್ಲ ಅವರು ಇಂಜಿನ್ ಮಾಮ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳು ದಡ ಸೇರಿದ ಮೇಲೆ ಅವರಿಗೆ ಬಿಡುವಿರುತ್ತಿರಲಿಲ್ಲ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟು ಇಳಿಸುವುದರೊಳಗೆ ಎಲ್ಲ ಇಂಜಿನ್ನುಗಳೂ ತಯಾರಾಗಬೇಕಿತ್ತು.

ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದ ಆ ಮಳೆಗಾಲದಲ್ಲಿ ಅಪ್ಪನ ಹಳೆಯ ಕಾರು ಅಂಗಳದಲ್ಲೇ ನಿಂತುಹೋಯಿತು. ಟಾಕಿಯಿಂದ ಇಂಜಿನ್ನಿಗೆ ಪೆಟ್ರೋಲು ಎಳೆಯುವ ಪಂಪು ಕೆಟ್ಟಿತ್ತು. ಹೊಸದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ಮಳೆ ಬಿಟ್ಟ ಒಂದು ಭಾನುವಾರ ಮಾಮ ಸ್ಪ್ಯಾನರುಗಳ ಚೀಲ ಹಿಡಿದು ಬಂದರು.

"ಇದು ಕಾರು ಮಾರಾಯ. ಬೋಟು ಅಂತ ಸಮುದ್ರಕ್ಕೆ ಇಳಿಸೀಯ!" ಎಂದರು ಅಪ್ಪ.

"ನಿನ್ನ ಕಾರು ಹೆದ್ದಾರಿ ಮೇಲೆ ನಿಂತದ್ದಕ್ಕಿಂತ ನನ್ನ ಬೋಟು ಸಮುದ್ರದಲ್ಲಿ ನಿಂತದ್ದು ಕಡಿಮೆ. ಸುಮ್ನೆ ಇರು," ಎಂದರು ಮಾಮ.

ಬಿಚ್ಚಿದ ನಟ್ಟುಗಳನ್ನು ಸ್ಟೀಲಿನ ತಟ್ಟೆಯಲ್ಲಿ ಕ್ರಮವಾಗಿ ಇಡುವುದು ನನ್ನ ಪಾಲಿನ ಕೆಲಸ. ಅವರ ಬಾಯಲ್ಲಿ ಎಡ, ಬಲ ಎಂಬ ಮಾತೇ ಇರಲಿಲ್ಲ. ಎಲ್ಲವೂ ಪಡುಬದಿ, ಮೂಡುಬದಿ. ಸಮುದ್ರದ ಕಡೆ ಪಡು, ಗುಡ್ಡದ ಕಡೆ ಮೂಡು. "ಪಡುಬದಿ ಪೈಪು ಹಿಡ್ಕೊ ತಂಗಿ. ಅದು ಟಾಕಿಯಿಂದ ಬರೂದು." ಕೈ ಇಂಜಿನ್ನಿನ ಸಂದಿಯಲ್ಲಿದ್ದರೆ ಮುಖ ಬೇರೆಲ್ಲೋ ತಿರುಗಿರುತ್ತಿತ್ತು. ಬೆರಳುಗಳೇ ಹುಡುಕುತ್ತಿದ್ದವು, ಬಿಚ್ಚುತ್ತಿದ್ದವು. ನಾನು ಅದನ್ನು ಕೈಚಳಕವೆಂದೇ ತಿಳಿದಿದ್ದೆ.

ಹೊಸ ಪಂಪು ಕೂತಿತು. ಅಪ್ಪ ಚಾವಿ ತಿರುಗಿಸಿದರು. ಇಂಜಿನ್ ನರಳಿತೇ ಹೊರತು ಹೊತ್ತಿಕೊಳ್ಳಲಿಲ್ಲ. ನಾಲ್ಕು ಸಲವೂ ಹಾಗೇ ಆಯಿತು. ಅಪ್ಪ ಚಾ ತರಲು ಒಳಗೆ ಹೋದಾಗ ಮಾಮ ತಗ್ಗಿದ ದನಿಯಲ್ಲಿ ಕೇಳಿದರು:

"ತಂಗೀ, ಪಂಪಿನ ಮೇಲೆ ಪೆಟ್ರೋಲು ಹರಿಯೂ ದಿಕ್ಕಿಗೆ ಬಾಣದ ಗುರ್ತು ಇರ್ತದೆ. ಯಾವ ಬದಿಗೆ ಅದೆ ನೋಡು."

ಬಾಣ ಪಡುವಿನತ್ತ ಚಾಚಿತ್ತು. ಹಳೆಯ ಪಂಪಿನಲ್ಲಿ ಪೆಟ್ರೋಲು ಒಳಬರುವ ಬಾಯಿ ಪಡುಬದಿಗಿದ್ದರೆ ಹೊಸದರಲ್ಲಿ ಮೂಡುಬದಿಗೆ. ಬೆರಳುಗಳು ಹಳೆಯ ನೆನಪಿನಂತೆ ಪೈಪು ಜೋಡಿಸಿದ್ದವು. ಅಂಗೈಯಷ್ಟು ದೂರದಲ್ಲಿದ್ದ ಆ ಗುರುತು ಅವರಿಗೆ ಯಾಕೆ ಕಾಣಲಿಲ್ಲವೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

"ಮಂಜು ಮಂಜು ಕಾಣ್ತದೆ. ಈ ಎರಡು ಬೋಟು ಮುಗ್ಸಿ ಕಣ್ಣು ತೋರಿಸ್ತೆ. ಅಲ್ಲಿ ತನಕ ಯಾರ ಹತ್ರೂ ಹೇಳ್ಬೇಡ ತಂಗಿ. ಒಂದ್ಸಲ ಕಣ್ಣಿಲ್ಲ ಅಂದ್ರೆ ಮತ್ತೆ ಯಾರೂ ಇಂಜಿನ್ ಮುಟ್ಟಲಿಕ್ಕೆ ಬಿಡೂದಿಲ್ಲ."

"ಇಲ್ಲ ಮಾಮ," ಎಂದೆ. ಪೈಪು ಅದಲುಬದಲು ಮಾಡಿದರು. ಎರಡನೆಯ ಸಲಕ್ಕೆ ಕಾರು ಹೊತ್ತಿಕೊಂಡಿತು.

ಮುಂದಿನ ವಾರ ಒಂದು ಸಂಜೆ ಆ ಎರಡು ಬೋಟುಗಳ ಯಜಮಾನರು ಮಾಮನನ್ನು ಹುಡುಕಿಕೊಂಡು ಕಾರವಾರದಿಂದ ಬಂದರು. ಮಾಮ ಮನೆಯಲ್ಲಿರಲಿಲ್ಲ. ನಮ್ಮ ಜಗಲಿಯಲ್ಲಿ ಕೂತರು. ನಾನು ಚಾ ಕೊಟ್ಟೆ. "ನಿಮ್ಮ ಕಾರನ್ನೂ ಅವನೇ ರಿಪೇರಿ ಮಾಡಿದ್ನಂತೆ ಹೌದಾ?" ಎಂದು ಕೇಳಿದರು. ಅಪ್ಪ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಹೌದು ಎಂದಷ್ಟೇ ಹೇಳಿ ಒಳಗೆ ಹೋಗಬಹುದಿತ್ತು.

"ಬರೀ ಕೈಯಲ್ಲಿ ಮುಟ್ಟಿ ಮಾಡಿದ್ರು," ಎಂದೆ. "ಕಣ್ಣು ಮಂಜು ಅಂತ ಗೊತ್ತೇ ಆಗೂದಿಲ್ಲ."

ಹೆಮ್ಮೆಯಿಂದಲೇ ಹೇಳಿದ್ದೆ. ಅವರು ಕಪ್ಪು ಕೆಳಗಿಟ್ಟ ರೀತಿಯಲ್ಲೇ ನನಗೆ ಎಲ್ಲ ತಿಳಿಯಿತು.

"ನಡು ಸಮುದ್ರದಲ್ಲಿ ಇಂಜಿನ್ ನಿಂತ್ರೆ ಹತ್ತು ಜನರ ಜೀವ ತಂಗಿ," ಎಂದರು. ಅವರು ಕೆಟ್ಟವರಲ್ಲ. ಮಾಮನಿಗಾಗಿ ಕಾಯದೆ ಹೊರಟುಹೋದರು.

ಅರ್ಧ ಬಿಚ್ಚಿದ್ದ ಎರಡು ಇಂಜಿನ್ನುಗಳೂ ಬೇರೆಯವರ ಕೈಗೆ ಹೋದವು. ನೂಲ ಹುಣ್ಣಿಮೆಯ ದಿನ ಊರೆಲ್ಲ ಕಡಲಿಗೆ ಹೋದಾಗ ಮಾಮ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೆ, "ಕಾರು ಓಡ್ತದಾ ತಂಗಿ?" ಎಂದರು.

"ಓಡ್ತದೆ ಮಾಮ."

"ಅಡ್ಡಿಲ್ಲ."

ಯಜಮಾನರಿಗೆ ತಿಳಿದದ್ದು ನನ್ನಿಂದಲೇ ಎಂದು ಅಂದೇ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ... ದೀಪಾವಳಿ ಕಳೆದ ಮೇಲೆ ಮಗಳು ಬಂದು ಅವರನ್ನು ಮಾಜಾಳಿಯ ತನ್ನ ಮನೆಗೆ ಕರೆದೊಯ್ದಳು. ಅವರು ತೀರಿಕೊಂಡಾಗ ನಾನು ಧಾರವಾಡದಲ್ಲಿ ಓದುತ್ತಿದ್ದೆ. ವಿಷಯ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಸ್ಸಿನಲ್ಲಿ ಆ ವಾಸನೆ ಬಂದ ದಿನ ನಾನು ಕಾರವಾರದಲ್ಲಿ ಮಾಡಬೇಕಿದ್ದ ಕೆಲಸ ಬಿಟ್ಟು ಮಾಜಾಳಿಯ ಬಸ್ಸು ಹತ್ತಿದೆ. ಗೋವೆಯಲ್ಲಿ ಕೆಲಸ ಮಾಡುವ ಮಾಮನ ಮಗಳು ರಜೆಯಿದ್ದುದರಿಂದ ಮನೆಯಲ್ಲೇ ಸಿಕ್ಕಳು. ನನ್ನ ಕೈ ಹಿಡಿದು ಒಳಗೆ ಕರೆದಳು.

"ಇಲ್ಲಿ ಬಂದ ಮೇಲೆ ಆಪರೇಶನ್ ಮಾಡ್ಸಿದ್ವು. ಕಣ್ಣು ಬಂತು. ಆದ್ರೆ ಕೆಲಸಕ್ಕೆ ಯಾರೂ ಕರೀಲಿಲ್ಲ," ಎಂದಳು. ಚಾ ಸೋಸುತ್ತ ಮತ್ತೆ ಹೇಳಿದಳು: "ಅಪ್ಪ ನಿನ್ನ ಸುದ್ದಿ ಯಾವಾಗ್ಲೂ ಹೇಳೂರು. ಬೋಟಿನ ಯಜಮಾನ ಎಲ್ಲಿಂದ ತಿಳ್ಕೊಂಡ್ನೋ ಗೊತ್ತಿಲ್ಲ, ಆ ಹುಡುಗಿ ಮಾತ್ರ ಬಾಯಿ ಬಿಡ್ಲಿಲ್ಲ ಅನ್ನೂರು."

ಗೋಡೆಯ ಮೇಲೆ ಮಾಮನ ಫೋಟೋ ಇತ್ತು. ಕ್ಷಮೆ ಕೇಳಬೇಕಾಗಿದ್ದವರು ಅಲ್ಲಿದ್ದರು. ಅವರ ಮಗಳಿಗೆ ಹೇಳಿ ನನ್ನ ಎದೆ ಹಗುರಾಗಬಹುದಿತ್ತು; ಆದರೆ ಅವರು ಕೊನೆಯವರೆಗೂ ಕಾಪಾಡಿಕೊಂಡಿದ್ದ ಒಂದು ನಂಬಿಕೆ ಅವಳ ಪಾಲಿಗೆ ಇಲ್ಲವಾಗುತ್ತಿತ್ತು. ಅವಳು ಚಾ ಕೊಟ್ಟಳು. ನಾನು ಕುಡಿದೆ. ಚೆನ್ನಾಗಿದೆ ಎಂದೆ.